ಹೋಮ್‌ಡೆಲ್: ಒಂದು ಉಪನಗರದ ವಿಜ್ಞಾನ ಚರಿತ್ರೆ

ವಿಜ್ಞಾನದ ಮಹಾಶೋಧಗಳು ಎಲ್ಲಿ ನಡೆಯುತ್ತವೆ ಎಂದು ಕೇಳಿದರೆ, ಪ್ರಸಿದ್ಧ ವಿಶ್ವವಿದ್ಯಾನಿಲಯಗಳೂ ಪರ್ವತಶಿಖರಗಳ ಮೇಲಣ ವೀಕ್ಷಣಾಲಯಗಳೂ ನಮ್ಮ ನೆನಪಿಗೆ ಬರುವುದು ಸಹಜ. ಆದರೆ ವಿಶ್ವವನ್ನು ಕುರಿತ ಎರಡು ಮಹತ್ವದ ಸಂಗತಿಗಳು ಬೆಳಕಿಗೆ ಬಂದುದು ಆಲೂಗೆಡ್ಡೆಯ ಹೊಲಗಳಿದ್ದ ಒಂದು ಸಾಧಾರಣ ಗ್ರಾಮಪ್ರದೇಶದಲ್ಲಿ. ಅಮೆರಿಕ ಸಂಯುಕ್ತ ಸಂಸ್ಥಾನದ ನ್ಯೂ ಜರ್ಸಿ ರಾಜ್ಯದಲ್ಲಿರುವ ಆ ಪ್ರದೇಶದ ಹೆಸರು ಹೋಮ್‌ಡೆಲ್. ಅದು ಬೆಳೆದು ಬಂದ ಬಗೆಯನ್ನು ಈ ಲೇಖನದಲ್ಲಿ ಪರಿಶೀಲಿಸೋಣ.

ಹೋಮ್‌ಡೆಲ್ ಒಂದು 'ಟೌನ್‌ಷಿಪ್'. ಹೆಸರನ್ನು ಕೇಳಿ ಇದೊಂದು ಪಟ್ಟಣವೆಂದು ಭಾವಿಸಬಾರದು. ನಮ್ಮ ಹೋಬಳಿಯಂತೆ ಕೆಲವು ಹಳ್ಳಿಗಳನ್ನೂ ಹೊಲಗಳನ್ನೂ ಒಳಗೊಂಡು, ತನ್ನದೇ ಚುನಾಯಿತ ಸಮಿತಿಯಿಂದ ಆಡಳಿತ ನಡೆಸಿಕೊಳ್ಳುವ ಸ್ಥಳೀಯ ಘಟಕವದು. 1857ರಲ್ಲಿ ರಚಿತವಾದ ಹೋಮ್‌ಡೆಲ್‌ನ ವಿಸ್ತಾರ ಸುಮಾರು 46 ಚದರ ಕಿಲೊಮೀಟರು. ನ್ಯೂಯಾರ್ಕ್ ನಗರದ ಮಧ್ಯಭಾಗದಿಂದ ದಕ್ಷಿಣಕ್ಕೆ ಸುಮಾರು 40 ಕಿಲೊಮೀಟರು ದೂರ. ಇಪ್ಪತ್ತನೆಯ ಶತಮಾನದ ಮಧ್ಯಭಾಗದವರೆಗೂ ಇಲ್ಲಿನವರ ಮುಖ್ಯ ಜೀವನಾಧಾರ ಬೇಸಾಯವೇ ಆಗಿತ್ತು.

ಮಹಾನಗರದ ಸಮೀಪದಲ್ಲಿದ್ದರೂ ಅದರ ಗದ್ದಲದಿಂದ ದೂರವಾಗಿದ್ದುದೇ ಈ ಊರಿನ ಭಾಗ್ಯಕ್ಕೆ ಕಾರಣವಾಯಿತು. ಇಲ್ಲಿ ಗದ್ದಲವೆಂದರೆ ಕಿವಿಗೆ ಕೇಳಿಸುವ ಸದ್ದು ಮಾತ್ರವಲ್ಲ. ವಿದ್ಯುತ್ ಮೋಟಾರುಗಳು, ವಾಹನಗಳ ಕಿಡಿಗಳು, ವಿದ್ಯುತ್ ತಂತಿಗಳು ಇವೆಲ್ಲವೂ ರೇಡಿಯೊ ತರಂಗಗಳನ್ನು ಹೊರಸೂಸುತ್ತವೆ. ಸೂಕ್ಷ್ಮವಾದ ರೇಡಿಯೊ ಪ್ರಯೋಗಗಳಿಗೆ ಇವು ಶತ್ರುಗಳು. ಆದುದರಿಂದಲೇ ಬೆಲ್ ದೂರವಾಣಿ ಪ್ರಯೋಗಾಲಯದವರು 1930ರ ಸುಮಾರಿನಲ್ಲಿ ಹೋಮ್‌ಡೆಲ್‌ನ ಹೊಲಗಳ ನಡುವೆ ತಮ್ಮ ರೇಡಿಯೊ ಸಂಶೋಧನ ಕೇಂದ್ರವನ್ನು ನೆಲೆಗೊಳಿಸಿದರು.

ಆಗ ಅಟ್ಲಾಂಟಿಕ್ ಸಾಗರದಾಚೆಗಿನ ದೂರವಾಣಿ ಸಂಭಾಷಣೆ ರೇಡಿಯೊ ತರಂಗಗಳ ಮೂಲಕ ನಡೆಯುತ್ತಿತ್ತು. ಮಾತಿನೊಡನೆ ಬೆರೆಯುತ್ತಿದ್ದ ಕರಕರ ಸದ್ದಿನ ಮೂಲವನ್ನು ಪತ್ತೆಹಚ್ಚುವ ಕೆಲಸ ಕಾರ್ಲ್ ಜಾನ್‌ಸ್ಕಿ ಎಂಬ ತರುಣ ವಿಜ್ಞಾನಿಯ ಪಾಲಿಗೆ ಬಂದಿತು. ಆತ ಸುಮಾರು 30 ಮೀಟರು ಉದ್ದದ ಒಂದು ಆಂಟೆನವನ್ನು ಫೋರ್ಡ್ ಮೋಟಾರುಗಾಡಿಯ ಚಕ್ರಗಳ ಮೇಲೆ ನಿಲ್ಲಿಸಿ, ಅದು 20 ನಿಮಿಷಗಳಿಗೊಮ್ಮೆ ಸುತ್ತುವಂತೆ ಮಾಡಿದನು. ಸಮೀಪದ ಗುಡುಗುಮಿಂಚಿನ ಸದ್ದು, ದೂರದ ಗುಡುಗುಮಿಂಚಿನ ಸದ್ದು ಇವೆರಡನ್ನೂ ಗುರುತಿಸಿದ ಮೇಲೆ, ಮೂರನೆಯದಾಗಿ ಸದಾ ಸುಯ್‌ಗುಟ್ಟುವ ಒಂದು ಕ್ಷೀಣವಾದ ಸದ್ದು ಉಳಿಯಿತು. ಅದು ಅತ್ಯಂತ ಪ್ರಬಲವಾಗುವ ವೇಳೆ ದಿನದಿನಕ್ಕೆ 4 ನಿಮಿಷ ಮುಂಚಿತವಾಗುತ್ತಿತ್ತು. ಅಂದರೆ ಅದರ ಆವರ್ತ 24 ಗಂಟೆಯಲ್ಲ, 23 ಗಂಟೆ 56 ನಿಮಿಷ. ನಕ್ಷತ್ರಗಳನ್ನು ಆಧಾರವಾಗಿಟ್ಟುಕೊಂಡರೆ ಭೂಮಿ ಒಂದು ಸುತ್ತು ತಿರುಗುವುದಕ್ಕೆ ಹಿಡಿಯುವ ಕಾಲವೂ ಇಷ್ಟೇ. ಆದುದರಿಂದ ಸದ್ದಿನ ಮೂಲ ಭೂಮಿಯೂ ಅಲ್ಲ, ಸೂರ್ಯನೂ ಅಲ್ಲ; ಧನುರಾಶಿಯ ದಿಕ್ಕಿನಲ್ಲಿರುವ ಆಕಾಶಗಂಗೆಯ ಕೇಂದ್ರಭಾಗ! 1933ರಲ್ಲಿ ಪ್ರಕಟವಾದ ಈ ಶೋಧದಿಂದ ರೇಡಿಯೊ ಖಗೋಳವಿಜ್ಞಾನ ಜನ್ಮ ತಳೆಯಿತು. ಇಂದು ಪುಣೆಯ ಬಳಿಯಾಗಲಿ, ನಮ್ಮ ಗೌರಿಬಿದನೂರಿನಲ್ಲಾಗಲಿ, ಆಕಾಶಕಾಯಗಳ ರೇಡಿಯೊ ಪ್ರಭಾವವನ್ನು ಅಳೆಯುವ ಮಾನಕ್ಕೆ 'ಜಾನ್‌ಸ್ಕಿ' ಎಂದೇ ಹೆಸರು.

ಎರಡನೆಯ ಶೋಧಕ್ಕೆ ವೇದಿಕೆಯಾದುದು ಇದೇ ಟೌನ್‌ಷಿಪ್ಪಿನ ಕ್ರಾಫರ್ಡ್ ಗುಡ್ಡ. 'ಎಕೊ' ಎಂಬ ಬಲೂನು ಉಪಗ್ರಹದಿಂದ ಪ್ರತಿಫಲಿತವಾಗಿ ಬರುವ ಕ್ಷೀಣ ತರಂಗಗಳನ್ನು ಹಿಡಿಯಲು 1959ರಲ್ಲಿ ಇಲ್ಲಿ ಕಹಳೆಯ ಆಕಾರದ ಆಂಟೆನವೊಂದನ್ನು ಕಟ್ಟಿದರು. ಅದರ ಉದ್ದ 15 ಮೀಟರು. ಬೆಚ್ಚಗಿರುವ ಪ್ರತಿಯೊಂದು ವಸ್ತುವೂ ಸ್ವಲ್ಪಮಟ್ಟಿಗೆ ರೇಡಿಯೊ ತರಂಗಗಳನ್ನು ಸೂಸುತ್ತದೆ. ನೆಲವೂ ಇದಕ್ಕೆ ಹೊರತಲ್ಲ. ನೆಲದ ಈ ತರಂಗಗಳು ಒಳನುಗ್ಗದಂತೆ ತಡೆಯುವುದೇ ಕಹಳೆಯ ಆಕಾರದ ಪ್ರಯೋಜನ.

1964ರಲ್ಲಿ ಆರ್ನೊ ಪೆನ್‌ಜಿಯಾಸ್ ಮತ್ತು ರಾಬರ್ಟ್ ವಿಲ್ಸನ್ ಈ ಆಂಟೆನವನ್ನು ಖಗೋಳ ವೀಕ್ಷಣೆಗೆ ಸಿದ್ಧಪಡಿಸುತ್ತಿದ್ದರು. ಬಂದ ಗದ್ದಲವನ್ನು ಅವರು ಉಷ್ಣತೆಯ ಲೆಕ್ಕದಲ್ಲಿ ಅಳೆದರು. ನೆತ್ತಿಯ ಕಡೆಗೆ ತಿರುಗಿಸಿದಾಗ ದೊರೆತ ಒಟ್ಟು ಬೆಲೆ 6.7 ಕೆಲ್ವಿನ್. ಇದರಲ್ಲಿ ವಾಯುಮಂಡಲದ ಪಾಲು 2.3, ಆಂಟೆನದ ಲೋಹದಿಂದಲೂ ಹಿಂಬದಿಯ ನೆಲದಿಂದಲೂ ಬರುವ ಪಾಲು 0.9. ಇವನ್ನು ಕಳೆದರೆ ಉಳಿಯುವುದು 3.5. ಈ ಶೇಷಕ್ಕೆ ಕಾರಣವೇ ತಿಳಿಯದು. ಆಂಟೆನವನ್ನು ನ್ಯೂಯಾರ್ಕಿನ ಕಡೆಗೆ ತಿರುಗಿಸಿ ನೋಡಿದರು. ನಗರ ಕಾರಣವಲ್ಲವೆಂದು ತಿಳಿಯಿತು. ಒಳಗೆ ಗೂಡು ಕಟ್ಟಿದ್ದ ಪಾರಿವಾಳಗಳನ್ನು ಓಡಿಸಿ ಹಿಕ್ಕೆಯನ್ನು ತೊಳೆದರು, ಹೆಚ್ಚಿನ ವ್ಯತ್ಯಾಸವಾಗಲಿಲ್ಲ. ಯಾವ ದಿಕ್ಕಿನಲ್ಲಿ ನೋಡಿದರೂ, ಯಾವ ಋತುವಿನಲ್ಲಿ ನೋಡಿದರೂ ಅದೇ ಶೇಷ. ಕೊನೆಗೆ, ಅಷ್ಟೇನೂ ದೂರವಿಲ್ಲದ ಪ್ರಿನ್ಸ್‌ಟನ್ನಿನ ರಾಬರ್ಟ್ ಡಿಕಿ ಮತ್ತು ಆತನ ಸಹೋದ್ಯೋಗಿಗಳು ಇದರ ಅರ್ಥವನ್ನು ವಿವರಿಸಿದರು: ಅತ್ಯಂತ ಬಿಸಿಯಾಗಿದ್ದ ಆದಿಕಾಲದ ವಿಶ್ವದಿಂದ ಉಳಿದುಬಂದಿರುವ ವಿಕಿರಣವಿದು. ಇಂದಿನ ಸೂಕ್ಷ್ಮ ಮಾಪನಗಳ ಪ್ರಕಾರ ಅದರ ಉಷ್ಣತೆ 2.725 ಕೆಲ್ವಿನ್. 1978ರಲ್ಲಿ ಪೆನ್‌ಜಿಯಾಸ್ ಮತ್ತು ವಿಲ್ಸನ್ನರಿಗೆ ನೊಬೆಲ್ ಪಾರಿತೋಷಕ ದೊರೆಯಿತು.

ಇಷ್ಟರಲ್ಲಿ ಊರಿನ ರೂಪವೂ ಬದಲಾಗುತ್ತಿತ್ತು. 1950ರ ದಶಕದ ಮಧ್ಯದಲ್ಲಿ ಗಾರ್ಡನ್ ಸ್ಟೇಟ್ ಹೆದ್ದಾರಿ ಈ ಭಾಗವನ್ನು ಹಾದುಹೋಯಿತು. 1962ರಲ್ಲಿ ಶಿಲ್ಪಿ ಈರೊ ಸಾರಿನೆನ್ ರೂಪಿಸಿದ ಬೆಲ್ ಪ್ರಯೋಗಾಲಯದ ಕನ್ನಡಿಗಾಜಿನ ಮಹಾಭವನ ತೆರೆಯಿತು. ಮುಂದೆ ವಿಸ್ತರಿಸಿದಾಗ ಅದರ ನೆಲದಳತೆ ಸುಮಾರು 20 ಲಕ್ಷ ಚದರ ಅಡಿಗೆ ಏರಿತು. ಅದರ ಮುಂದಿನ ಮೂರು ಕಾಲುಗಳ ನೀರಿನ ಗೋಪುರದ ಆಕಾರ ಟ್ರಾನ್ಸಿಸ್ಟರನ್ನು ಹೋಲುತ್ತದೆ. ಸಾವಿರಾರು ಮಂದಿ ಅಲ್ಲಿ ಕೆಲಸಕ್ಕೆ ಸೇರಿದರು. ಹೊಲಗಳಲ್ಲಿ ಮನೆಗಳು ಎದ್ದವು. 1950ರಲ್ಲಿ ಸುಮಾರು 1,400 ಇದ್ದ ಜನಸಂಖ್ಯೆ 1970ರ ವೇಳೆಗೆ 6,000ವನ್ನು ಮೀರಿತು. 2020ರ ಜನಗಣತಿಯಲ್ಲಿ ಅದು 17,400. ಹಳೆಯ ಬೇಸಾಯದ ಬದುಕನ್ನು ಕಾಣಬೇಕಾದರೆ ಈಗ ಲಾಂಗ್‌ಸ್ಟ್ರೀಟ್ ತೋಟವೆಂಬ ಸಂರಕ್ಷಿತ ಪ್ರದರ್ಶನ ಕ್ಷೇತ್ರಕ್ಕೆ ಹೋಗಬೇಕು.

ಇಲ್ಲೊಂದು ವೈಚಿತ್ರ್ಯವನ್ನು ವಾಚಕರು ಗಮನಿಸಬೇಕು. ನೆಲದ ನಿಶ್ಶಬ್ದತೆ ವಿಜ್ಞಾನವನ್ನು ಕರೆತಂದಿತು. ವಿಜ್ಞಾನ ಉದ್ಯೋಗವನ್ನು ತಂದಿತು. ಉದ್ಯೋಗ ಜನರನ್ನು ತಂದಿತು. ಜನರಿಂದ ನೆಲದ ಬೆಲೆ ಏರಿತು. ಸಂಸ್ಥೆ ಕೈಬಿಟ್ಟಾಗ ಆ ನೆಲದ ಗತಿ ಏನು? 2007ರಲ್ಲಿ ಮಹಾಭವನ ಬರಿದಾಯಿತು. ಅದನ್ನು ಕೆಡಹುವ ಯೋಜನೆಯೂ ಹೊರಟಿತ್ತು. ವಿಜ್ಞಾನಿಗಳೂ ವಾಸ್ತುಶಿಲ್ಪಿಗಳೂ ಪ್ರತಿಭಟಿಸಿದರು. 2013ರಲ್ಲಿ ಹೊಸ ಒಡೆಯರ ಕೈಸೇರಿದ ಆ ಕಟ್ಟಡದಲ್ಲಿ ಈಗ ಕಛೇರಿಗಳೂ ಅಂಗಡಿಗಳೂ ಊರಿನ ಪುಸ್ತಕಭಂಡಾರವೂ ಇವೆ.

ಗುಡ್ಡದ ಪ್ರಶ್ನೆ ಇನ್ನೂ ಕಠಿನವಾಗಿತ್ತು. ಕಹಳೆಯ ಆಂಟೆನ 1989ರಲ್ಲಿಯೇ ರಾಷ್ಟ್ರೀಯ ಐತಿಹಾಸಿಕ ಸ್ಮಾರಕವೆಂದು ಮನ್ನಣೆ ಪಡೆದಿದ್ದರೂ, ಸುತ್ತಣ ಜಮೀನು 2021ರಲ್ಲಿ ಖಾಸಗಿ ನಿರ್ಮಾಣಕಾರರ ವಶವಾಯಿತು. ಅಲ್ಲಿ ಮನೆಗಳನ್ನು ಕಟ್ಟಬಹುದೆಂಬ ಸುದ್ದಿ ಹರಡಿದೊಡನೆ ನಿವಾಸಿಗಳು ಚಳವಳಿ ಹೂಡಿದರು. ಕೊನೆಗೆ 2023ರಲ್ಲಿ ಟೌನ್‌ಷಿಪ್ಪಿನ ಸಮಿತಿಯು ಸುಮಾರು 35 ಎಕರೆಯನ್ನು 55 ಲಕ್ಷ ಡಾಲರಿಗೆ ಕೊಂಡು ಸಾರ್ವಜನಿಕ ಉದ್ಯಾನವಾಗಿ ಉಳಿಸಿಕೊಳ್ಳಲು ಒಪ್ಪಂದ ಮಾಡಿಕೊಂಡಿತು. ಹದಿನೇಳು ಸಾವಿರ ಜನರ ಊರಿಗೆ ಇದು ಸಣ್ಣ ಮೊತ್ತವಲ್ಲ.

ಊರು ಬೆಳೆಯಬಾರದೆಂದು ಯಾರೂ ಹೇಳಲಾರರು. ವಾಸಕ್ಕೆ ಮನೆಗಳು ಬೇಕೇ ಬೇಕು. ಆದರೆ ಯಾವ ಜಾಗವನ್ನು ಮನೆಗಳಿಗೆ ಬಿಡಬೇಕು, ಯಾವುದನ್ನು ಮುಂದಿನವರಿಗಾಗಿ ಉಳಿಸಬೇಕು ಎಂಬುದನ್ನು ಆಯಾ ಊರಿನವರೇ ಕಾಲ ಮೀರುವ ಮೊದಲು ನಿರ್ಧರಿಸಬೇಕಾಗುತ್ತದೆ. ಹೋಮ್‌ಡೆಲ್‌ನವರು ನಿರ್ಧರಿಸಿದರು. ಅವರ ಗುಡ್ಡದ ಮೇಲೆ ಆ ಹಳೆಯ ಅಲ್ಯೂಮಿನಿಯಂ ಕಹಳೆ ಇಂದಿಗೂ ನಿಂತಿದೆ.