ಹೋಂಸ್ಟೇ ವೆಬ್‌ಸೈಟಿಗೂ ಬೇಲಿ ಬೇಕು

ಬಾಳ್ಳುಪೇಟೆ ಸುತ್ತಿನ ತೋಟಕ್ಕೆ ರಾತ್ರಿ ಆನೆ ಇಳಿದರೆ ಬೆಳಗಾಗುವುದರೊಳಗೆ ಸುದ್ದಿಯಾಗುತ್ತದೆ. ಮುರಿದ ಬೇಲಿ, ಮಲಗಿದ ಬಾಳೆ, ಹೆಜ್ಜೆಗುರುತು ಎಲ್ಲವೂ ಕಣ್ಣೆದುರಿಗಿರುತ್ತವೆ. ವೆಬ್‌ಸೈಟಿಗೆ ನುಗ್ಗಿದವನು ಮಾತ್ರ ತಿಂಗಳುಗಟ್ಟಲೆ ಒಳಗೇ ಇದ್ದರೂ ಮುಖಪುಟ ಮೊದಲಿನಂತೆಯೇ ಕಾಣುತ್ತಿರಬಹುದು.

ಸಕಲೇಶಪುರ, ಆಲೂರು ಕಡೆ ಹೋಂಸ್ಟೇ ನಡೆಸುವವರು, ಕಾಫಿಪುಡಿ, ಕಾಳುಮೆಣಸು, ಏಲಕ್ಕಿಯನ್ನು ಗಿರಾಕಿಗೆ ನೇರವಾಗಿ ಮಾರುವವರು ‘ನಮ್ಮದು ಸಣ್ಣ ಸೈಟು, ಯಾರಿಗೆ ಬೇಕು?’ ಎನ್ನುವುದುಂಟು. ದೊಡ್ಡ ಸೈಟುಗಳಿಗೆ ಕಳ್ಳರು ದುಡ್ಡಿಗಾಗಿ ಗುರಿಯಿಟ್ಟೇ ಬರುತ್ತಾರೆ. 2019ರಲ್ಲಿ ರಾಜ್ಯ ಸರ್ಕಾರದ ಇ-ಪ್ರೊಕ್ಯೂರ್‌ಮೆಂಟ್ ಪೋರ್ಟಲಿಗೇ ನುಗ್ಗಿ 11 ಕೋಟಿ ರೂಪಾಯಿಗೂ ಹೆಚ್ಚು ಎಗರಿಸಿದ್ದರು. ಸಣ್ಣ ಸೈಟಿಗೆ ಯಾರೂ ಗುರಿಯಿಡಬೇಕಿಲ್ಲ. ಕಳ್ಳರ ತಂತ್ರಾಂಶ ಹಗಲೂ ರಾತ್ರಿ ಸಿಕ್ಕಸಿಕ್ಕ ಬಾಗಿಲು ತಳ್ಳುತ್ತಿರುತ್ತದೆ. ಚಿಲಕವಿಲ್ಲದ್ದು ಸಿಕ್ಕರೆ ಒಳಗೆ ಜೂಜಿನ ಜಾಹೀರಾತು, ನಕಲಿ ಬ್ಯಾಂಕ್ ಪುಟ ತುಂಬುತ್ತದೆ, ನಿಮ್ಮ ಹೆಸರಿನಲ್ಲೇ ಸ್ಪ್ಯಾಮ್ ಮೇಲ್ ಕಳಿಸುತ್ತದೆ. ತಡೆಯಲು ಹೀಗೆ ಮಾಡಿ.

1. ‘ಪಹಣಿ’ ಯಾರ ಹೆಸರಲ್ಲಿದೆ?
ತೋಟಕ್ಕೆ ಪಹಣಿ ಇದ್ದಂತೆ ಸೈಟಿಗೆ ಡೊಮೈನ್ ನೋಂದಣಿ. ಸೈಟು ಮಾಡಿಕೊಟ್ಟ ಹುಡುಗನ ಇಮೇಲ್‌ನಲ್ಲೇ ಅದು ಉಳಿದಿದ್ದರೆ ಇಂದೇ ನಿಮ್ಮ ಇಮೇಲ್‌ಗೆ ಬದಲಿಸಿಕೊಳ್ಳಿ. ‘ಡೊಮೈನ್ ಅವಧಿ ಮುಗಿಯುತ್ತಿದೆ, ಕೂಡಲೇ ಹಣ ಕಟ್ಟಿ’ ಎಂಬ ಮೇಲ್‌ನ ಲಿಂಕ್ ಒತ್ತಬೇಡಿ. ನೋಂದಣಿ ಕಂಪನಿಯ ಸೈಟಿಗೆ ನೀವೇ ಹೋಗಿ ದಿನಾಂಕ ನೋಡಿ.

2. ಎರಡು ಬೀಗ ಹಾಕಿ
‘ಅಡ್ಮಿನ್’ ಎಂಬ ಬಳಕೆದಾರ ಹೆಸರು, ಮನೆಯ ಹೆಸರಿನ ಮುಂದೆ 123 ಸೇರಿಸಿದ ಪಾಸ್‌ವರ್ಡ್ ಬೇಡ. ಡೊಮೈನ್, ಹೋಸ್ಟಿಂಗ್, ಸೈಟು, ಇಮೇಲ್ ನಾಲ್ಕಕ್ಕೂ ಬೇರೆ ಬೇರೆ ಉದ್ದನೆಯ ಪಾಸ್‌ವರ್ಡ್ ಇರಲಿ. ಎಲ್ಲದಕ್ಕೂ ಎರಡು ಹಂತದ ದೃಢೀಕರಣ ಹಾಕಿ. ಮೊದಲು ಇಮೇಲ್‌ಗೆ ಹಾಕಿ, ಅದು ಕೈತಪ್ಪಿದರೆ ಉಳಿದ ಮೂರರ ಪಾಸ್‌ವರ್ಡನ್ನೂ ಕಳ್ಳ ಬದಲಿಸಬಲ್ಲ.

3. ಉಳಿದ ಹಣ್ಣು ಆರಿಸಿ
ಕೊಯ್ಲಾದ ಮೇಲೆ ಗಿಡದಲ್ಲಿ, ನೆಲದಲ್ಲಿ ಉಳಿದ ಕಾಫಿ ಹಣ್ಣನ್ನು ಆರಿಸದಿದ್ದರೆ ಬೆರಿ ಬೋರರ್ ಹುಳ ಅದರೊಳಗೇ ಬದುಕಿ ಮುಂದಿನ ಫಸಲಿಗೆ ಬೀಳುತ್ತದೆ. ಬಳಸದೆ ಬಿಟ್ಟ ಪ್ಲಗಿನ್, ಥೀಮ್‌ಗಳದ್ದೂ ಇದೇ ಕಥೆ. ಬೇಡದ್ದನ್ನು ಅಳಿಸಿ, ಬೇಕಾದ್ದನ್ನು ಅಪ್‌ಡೇಟ್ ಮಾಡಿ. ವರ್ಡ್‌ಪ್ರೆಸ್ ಸೈಟುಗಳಿಗೆ ಕಳ್ಳರು ನುಗ್ಗುವ ಮುಖ್ಯ ದಾರಿಯೇ ಹಳೆಯ ಪ್ಲಗಿನ್. ದುಡ್ಡಿನ ಥೀಮ್ ಯಾರೋ ಪುಕ್ಕಟೆ ಕೊಟ್ಟರೆ ಮುಟ್ಟಬೇಡಿ, ಒಳಗೆ ಕಳ್ಳಬಾಗಿಲು ಇರಬಹುದು.

4. ಬ್ಯಾಕಪ್ ಬೇರೆ ಕಡೆ ಇಡಿ
ಕಡತಗಳು, ಡೇಟಾಬೇಸ್ ಎರಡರದ್ದೂ ವಾರಕ್ಕೊಂದು ಪ್ರತಿ ತೆಗೆಯಿರಿ. ಒಂದು ಪ್ರತಿ ಸರ್ವರ್‌ನಿಂದ ಹೊರಗೆ ಇರಲಿ. ಅದರಿಂದ ಸೈಟು ಮತ್ತೆ ಏಳುತ್ತದೆಯೇ ಎಂದು ಒಮ್ಮೆ ಪರೀಕ್ಷಿಸಿ.

5. ಅತಿಥಿಗಳ ಆಧಾರ್ ಸೈಟಿನಲ್ಲಿ ಬೇಡ
ಬುಕಿಂಗ್ ಫಾರಂನಲ್ಲಿ ಗುರುತಿನ ಚೀಟಿ ಅಪ್‌ಲೋಡ್ ಮಾಡಿಸಬೇಡಿ. ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೇಳಬಹುದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಭದ್ರತಾ ಲೋಪಕ್ಕೆ ದಂಡದ ಗರಿಷ್ಠ ಮಿತಿ 250 ಕೋಟಿ ರೂಪಾಯಿ.

6. ಮುಂಗಡದ ಆಟಕ್ಕೆ ಬೀಳಬೇಡಿ
‘ಸೇನೆಯವನು, 10 ಜನ ಬರುತ್ತೇವೆ, ಮುಂಗಡ ಹಾಕಲು ಈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ’ ಎಂಬ ಕರೆ ಹಳೆಯ ವಂಚನೆ. ಯುಪಿಐನಲ್ಲಿ ಹಣ ಪಡೆಯಲು ಪಿನ್ ಒತ್ತುವ ಪ್ರಮೇಯವೇ ಇಲ್ಲ. ನಿಮ್ಮ ಫೋಟೊ ಕದ್ದು ಬೇರೆಯವರು ನಕಲಿ ಸೈಟು ತೆರೆಯುವುದೂ ಉಂಟು. ವೆಬ್ ವಿಳಾಸದ ಪಕ್ಕದ ಬೀಗದ ಚಿಹ್ನೆ ನೋಡಿ ನಂಬುವಂತಿಲ್ಲ, ಅದರ ಪ್ರಮಾಣಪತ್ರ ನಕಲಿ ಸೈಟಿಗೂ ಪುಕ್ಕಟೆ ಸಿಗುತ್ತದೆ. ಗೂಗಲ್ ಮ್ಯಾಪ್‌ನಲ್ಲಿರುವ ಫೋನ್ ಸಂಖ್ಯೆ ನಿಮ್ಮದೇ ಹೌದೇ ಎಂದೂ ಆಗಾಗ ನೋಡಿ.

7. ತಿಂಗಳಿಗೊಮ್ಮೆ ಬೇಲಿ ಸುತ್ತಿ
ಇಂಗ್ಲಿಷಿನಲ್ಲಿ ‘ಸೈಟ್’ ಎಂದು ಬರೆದು, ಕೋಲನ್ ಹಾಕಿ, ಜಾಗ ಬಿಡದೆ ನಿಮ್ಮ ಡೊಮೈನ್ ಸೇರಿಸಿ ಗೂಗಲ್‌ನಲ್ಲಿ ಹುಡುಕಿ. ನೀವು ಬರೆಯದ ಔಷಧಿ, ಜೂಜು, ಜಪಾನಿ ಅಕ್ಷರದ ಪುಟ ಕಂಡರೆ ಕಳ್ಳ ಒಳಗಿದ್ದಾನೆ. ಗೂಗಲ್ ಸರ್ಚ್ ಕನ್ಸೋಲ್‌ನಲ್ಲಿ ಸೈಟು ಸೇರಿಸಿದರೆ ಇಂಥ ಎಚ್ಚರಿಕೆ ಪುಕ್ಕಟೆಯಾಗಿ ಬರುತ್ತದೆ.

8. ನುಗ್ಗಿದ್ದು ಗೊತ್ತಾದರೆ
ಮೊದಲು ಸ್ಕ್ರೀನ್‌ಶಾಟ್ ತೆಗೆದಿಡಿ. ಹೋಸ್ಟಿಂಗ್‌ನವರಿಗೆ ಹೇಳಿ ಸೈಟು ತಾತ್ಕಾಲಿಕವಾಗಿ ಮುಚ್ಚಿಸಿ. ವೈರಸ್ ಇಲ್ಲದ ಬೇರೆ ಕಂಪ್ಯೂಟರಿನಿಂದ ಪಾಸ್‌ವರ್ಡ್‌ಗಳನ್ನೆಲ್ಲ ಬದಲಿಸಿ. ದಾಳಿಗಿಂತ ಹಿಂದಿನ ಬ್ಯಾಕಪ್ ಹಾಕಿ, ಎಲ್ಲ ಅಪ್‌ಡೇಟ್ ಮಾಡಿದ ಮೇಲೆಯೇ ತೆರೆಯಿರಿ. ಬುಕಿಂಗ್ ಮಾಡಿದವರಿಗೂ ವಿಷಯ ತಿಳಿಸಿ, ಮುಚ್ಚಿಟ್ಟರೆ ಅವರ ಹಣವೂ ಹೋಗಬಹುದು.

ಹಣ ಹೋಗಿದ್ದರೆ ಕಾಯಬೇಡಿ. ಕೂಡಲೇ 1930ಕ್ಕೆ ಕರೆ ಮಾಡಿ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಅಥವಾ ಹಾಸನದ ಸಿಇಎನ್ ಪೊಲೀಸ್ ಠಾಣೆಯಲ್ಲಿ ದೂರು ಕೊಡಿ. ದೂರು ಬೇಗ ತಲುಪಿದಷ್ಟೂ ಹಣವನ್ನು ತಡೆಹಿಡಿಯುವ ಅವಕಾಶ ಹೆಚ್ಚು.