ಹಳೆಯ ಬುಲೆಟ್ಟಿನ ಎಣ್ಣೆ ಸೋರಿಕೆ

ಸಂಘದ ಗೋದಾಮಿನ ಮುಂದೆ ಸದಸ್ಯರ ಬೈಕುಗಳು ನಿಂತು ಹೋದ ಮೇಲೆ ನೆಲದಲ್ಲಿ ಉಳಿಯುವ ಕಪ್ಪು ಕಲೆಗಳನ್ನು ನೋಡಿ ಈ ನಾಲ್ಕು ಮಾತು ಬರೆಯಬೇಕೆನಿಸಿತು. ಬುಲೆಟ್ ಎಂದ ಮೇಲೆ ಎಣ್ಣೆ ಸೋರುವುದೇ ಎಂದು ನಮ್ಮಲ್ಲಿ ಅನೇಕರು ಸುಮ್ಮನಾಗುತ್ತಾರೆ. ಅದೇ ಗಾಡಿಯನ್ನು ಕಾಫಿ ಒಣಗಿಸುವ ಕಣದಲ್ಲಿ ನಿಲ್ಲಿಸುತ್ತಾರೆ. ಕಾಫಿ ಪರವಾಸನೆಯನ್ನು ಎಷ್ಟು ಬೇಗ ಹೀರುತ್ತದೆಂಬುದು ಬೆಳೆಗಾರರಿಗೆ ತಿಳಿಯದ್ದಲ್ಲ. ಇನ್ನು ಘಟ್ಟದ ತಿರುವಿನಲ್ಲಿ ಹಿಂದಿನ ಚಕ್ರಕ್ಕೆ ಎಣ್ಣೆ ತಗಲಿದರೆ ಏನಾದೀತೆಂದು ಹೇಳಬೇಕಾಗಿಲ್ಲ.

ಇಲ್ಲಿ ಹೇಳುವುದು ಎರಕದ ಕಬ್ಬಿಣದ ಸಿಲಿಂಡರಿನ ಹಳೆಯ ಬುಲೆಟ್ 350ರ ಬಗ್ಗೆ. ನನ್ನಲ್ಲಿರುವುದು ತೀರ್ಥರೂಪರು ಕೊಂಡ 1974ರ ಗಾಡಿ.

ಎಣ್ಣೆ ತೊಟ್ಟಿಕ್ಕುವ ಜಾಗ ಬೇರೆ, ಸೋರುವ ಜಾಗ ಬೇರೆ. ಓಡುವಾಗ ಗಾಳಿ ಎಣ್ಣೆಯನ್ನು ಹಿಂದಕ್ಕೆ ತಳ್ಳುತ್ತದೆ. ಆದ್ದರಿಂದ ಒದ್ದೆಯಾದ ಕಡೆಗಿಂತ ಮುಂದೆ ಮತ್ತು ಮೇಲೆ ಹುಡುಕಬೇಕು. ಎಂಜಿನ್ ತಣ್ಣಗಿರುವಾಗ ಬ್ರಷ್ಷಿನಿಂದ ಡೀಸೆಲ್ ಹಚ್ಚಿ ತೊಳೆದು (ಸೀಮೆಎಣ್ಣೆ ಈಗ ಸಿಗುವುದು ಕಷ್ಟ), ಸೋಪಿನ ನೀರಿನಲ್ಲಿ ಒರೆಸಿ, ಪೂರ್ತಿ ಒಣಗಿದ ಮೇಲೆ ಮುಖಕ್ಕೆ ಹಾಕುವ ಪೌಡರನ್ನೇ ತೆಳ್ಳಗೆ ಉದುರಿಸಿರಿ. ಐದಾರು ಕಿಲೋಮೀಟರ್ ನಿಧಾನವಾಗಿ ಓಡಿಸಿ ಬಂದು ನೋಡಿದರೆ, ಪೌಡರ್ ನೆನೆದಿರುವ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದೇ ಮೂಲ. ಡಬ್ಬಿಯನ್ನು ಮಾತ್ರ ಮನೆಯವರನ್ನು ಕೇಳಿ ತೆಗೆದುಕೊಳ್ಳಿರಿ.

ಸ್ಪ್ಯಾನರ್ ಹಿಡಿಯುವ ಮೊದಲು ಬ್ರೀದರ್ ನೋಡಬೇಕು. ಪಿಸ್ಟನ್ ಕೆಳಗಿಳಿದಾಗಲೆಲ್ಲ ಕ್ರ್ಯಾಂಕ್‌ಕೇಸಿನೊಳಗೆ ಒತ್ತಡವೇರುತ್ತದೆ; ಆ ಗಾಳಿ ಹೊರಹೋಗುವ ದಾರಿಯೇ ಬ್ರೀದರ್. ಕೊಳವೆ ಕೆಸರಿನಿಂದ ಕಟ್ಟಿಕೊಂಡರೆ, ಇಲ್ಲವೆ ಅದರ ರಬ್ಬರ್ ಬಾಯಿ ಅಂಟಿಕೊಂಡರೆ, ಒತ್ತಡ ಎಣ್ಣೆಯನ್ನು ಸಿಕ್ಕ ಸಂದಿಯಿಂದ ನೂಕುತ್ತದೆ. ಆಗ ಎಷ್ಟು ಗ್ಯಾಸ್ಕೆಟ್ ಬದಲಿಸಿದರೂ ದಂಡವೇ. ಪಿಸ್ಟನ್ ರಿಂಗು ಸವೆದಿದ್ದರೂ ಇದೇ ಪಾಡು.

ಮಳೆಗಾಲದಲ್ಲಿ ವಾರಗಟ್ಟಲೆ ನಿಂತ ಗಾಡಿಯಲ್ಲಿ ಎಣ್ಣೆ ಪಂಪನ್ನು ದಾಟಿ ಕ್ರ್ಯಾಂಕ್‌ಕೇಸಿಗೆ ಇಳಿದಿರುತ್ತದೆ. ಅಳತೆ ಕಡ್ಡಿಯಲ್ಲಿ ಕಡಿಮೆ ಕಂಡಿತೆಂದು ಮೇಲೆ ಸುರಿದರೆ ಹೆಚ್ಚಾದದ್ದನ್ನು ಬ್ರೀದರ್ ಕಾರುತ್ತದೆ. ಕಡ್ಡಿಗೆ ಎಣ್ಣೆ ತಗಲುತ್ತಿದ್ದರೆ ಕೆಲವು ನಿಮಿಷ ಎಂಜಿನ್ ಓಡಿಸಿ, ನಿಲ್ಲಿಸಿ, ಆಮೇಲೆ ಅಳತೆ ನೋಡಿರಿ.

ರಾಕರಿಗೆ ಹೋಗುವ ಎಣ್ಣೆ ಪೈಪಿನ ಬೋಲ್ಟುಗಳಲ್ಲಿ ತಾಮ್ರದ ವಾಷರುಗಳಿವೆ. ಬಿಗಿದು ಬಿಗಿದು ಅವು ಗಡುಸಾಗುತ್ತವೆ. ಕೆಂಪಗೆ ಕಾಯಿಸಿ ನೀರಿನಲ್ಲಿ ಅದ್ದಿ, ಕಿಟ್ಟ ಉಜ್ಜಿದರೆ ಮತ್ತೆ ಮೆತ್ತಗಾಗಿ ಹಿಡಿದು ಕೂರುತ್ತವೆ.

ಗ್ಯಾಸ್ಕೆಟ್ ಅಂಟಿನ ವಿಷಯದಲ್ಲಿ ನಾನೇ ಪಾಠ ಕಲಿತವನು. ಒಮ್ಮೆ ಟೈಮಿಂಗ್ ಕವರಿಗೆ ಅದನ್ನು ರೊಟ್ಟಿಗೆ ಬೆಣ್ಣೆ ಸವರಿದಂತೆ ಸವರಿದೆ. ಸೋರಿಕೆಯೇನೋ ನಿಂತಿತು. ಆದರೆ ಹಿಂಡಿ ಒಳಬಂದ ಅಂಟು ಎಣ್ಣೆಯ ರಂಧ್ರವನ್ನೇ ಮುಚ್ಚಿತ್ತು. ರಾಕರುಗಳು ಒಣಗಿ ಸವೆದು ಕಿರುಗುಟ್ಟಿದಾಗಲೇ ನನಗೆ ತಿಳಿದದ್ದು. ಹೊಸ ಕಾಗದದ ಗ್ಯಾಸ್ಕೆಟ್, ಚೊಕ್ಕಟವಾಗಿ ಒರೆಸಿದ ಮುಖಗಳು, ಬೇಕಾದರೆ ಬೆರಳ ತುದಿಯಷ್ಟು ಅಂಟು ಸಾಕು. ಎಡಬದಿಯ ಚೈನ್‌ಕೇಸಿನ ನಡುವಿನ ನಟ್ಟನ್ನೂ ಬಲವೆಲ್ಲ ಹಾಕಿ ಬಿಗಿಯಬಾರದು. ಮುಚ್ಚಳ ಡೊಂಕಾಗಿ ಸೋರಿಕೆ ಹೆಚ್ಚುತ್ತದೆ. ಅಲ್ಲಿ ಬದಲಿಸಬೇಕಾದದ್ದು ರಬ್ಬರ್ ಸೀಲು.

ತೊಳೆದ ಡೀಸೆಲನ್ನು ಡಬ್ಬಿಯಲ್ಲಿ ಹಿಡಿದಿಡಿರಿ, ತೋಟದ ಬಸಿಗಾಲುವೆಗೆ ಚೆಲ್ಲಬೇಡಿರಿ.