ಪರದೆ ಕಟ್ಟಲು ಮೌಸ್ ಸಾಕೇ, ಕೋಡ್ ಬೇಕೇ?

ಹಾಲಿನ ಡೇರಿಯೊಂದರ ಲೆಕ್ಕಕ್ಕೆ ಸಣ್ಣ ತಂತ್ರಾಂಶ ಬೇಕಾಗಿದೆ ಎನ್ನೋಣ. ಸದಸ್ಯರ ಸಂಖ್ಯೆ, ಲೀಟರ್, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬೇತರ ಘನಾಂಶ) ತುಂಬಲು ನಾಲ್ಕು ಖಾನೆ, ಕೆಳಗೊಂದು ‘ಸೇವ್’ ಬಟನ್. ಪೈಥಾನ್ ಬಲ್ಲವರು ಪೈಕ್ಯೂಟಿ6 ಎಂಬ ಲೈಬ್ರರಿ ಬಳಸಿ ಇದನ್ನು ಎರಡು ರೀತಿಯಲ್ಲಿ ಮಾಡಬಹುದು: ಕ್ಯೂಟಿ ಡಿಸೈನರ್‌ನಲ್ಲಿ ಮೌಸ್‌ನಿಂದ ಎಳೆದಿಡುವುದು, ಇಲ್ಲವೇ ಎಲ್ಲವನ್ನೂ ಕೋಡ್‌ನಲ್ಲೇ ಬರೆಯುವುದು.

ಎಳೆದಿಡುವ ಪದ್ಧತಿ ಹೊಸದಲ್ಲ. 1991ರಲ್ಲಿ ಬಂದ ವಿಷುವಲ್ ಬೇಸಿಕ್ ಅದನ್ನು ಮನೆಮಾತಾಗಿಸಿತು. ಈ ಎರಡು ರೀತಿಗಳಲ್ಲಿ ಯಾವುದನ್ನು ಎಲ್ಲಿ, ಹೇಗೆ ಬಳಸಬೇಕೆಂದು ಒಂದೊಂದಾಗಿ ನೋಡೋಣ.

1. ವಿಂಗಡಣೆ: ಪರದೆಯಲ್ಲಿ ಬದಲಾಗದ ಭಾಗ ಯಾವುದೆಂದು ಮೊದಲು ಗುರುತಿಸಬೇಕು. ಆ ನಾಲ್ಕು ಖಾನೆಗಳನ್ನು ಡಿಸೈನರ್‌ಗೆ ಬಿಡಬಹುದು. ಪ್ರತಿ ಸದಸ್ಯರಿಗೊಂದು ಬಟನ್ ಬೇಕೆಂದರೆ, ಎಷ್ಟು ಬಟನ್ ಎಂಬುದು ಪ್ರೋಗ್ರಾಂ ಓಡಿದಾಗಲೇ ತಿಳಿಯುವುದು. ಅದು ಲೂಪ್‌ನ ಕೆಲಸ.

2. ಲೇಔಟ್: ಹೊಸಬರು ಎಡವುವುದು ಇಲ್ಲೇ. ಖಾನೆಯನ್ನು ಎಳೆದು ಬಿಟ್ಟರೆ ಅದು ಬಿಟ್ಟ ಜಾಗದಲ್ಲೇ ಕೂರುತ್ತದೆ. ಕಿಟಕಿ ಹಿಗ್ಗಿಸಿದರೂ ಅಲುಗುವುದಿಲ್ಲ. ಫಾಂಟ್ ದೊಡ್ಡದಾದರೆ ‘ಸದಸ್ಯರ ಸಂಖ್ಯೆ’ ಎಂಬ ಲೇಬಲ್ ಅರ್ಧಕ್ಕೇ ಕತ್ತರಿಸಿಹೋಗುತ್ತದೆ. ಕಿಟಕಿಯ ಖಾಲಿ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿ ಫಾರ್ಮ್ ಲೇಔಟ್ ಆರಿಸಿದರೆ ಲೇಬಲ್, ಖಾನೆ ಎರಡೂ ಸಾಲಾಗಿ ಹೊಂದಿಕೊಳ್ಳುತ್ತವೆ. ಕಂಟ್ರೋಲ್-ಆರ್ ಒತ್ತಿ, ಬರುವ ಮುನ್ನೋಟದ ಕಿಟಕಿಯನ್ನು ಅತ್ತಿತ್ತ ಎಳೆದು ನೋಡಬೇಕು.

3. ಹೆಸರು: ಡಿಸೈನರ್ ತಾನಾಗಿ ಕೊಡುವ ‘ಲೈನ್‌ಎಡಿಟ್_3’ ಯಾವ ಖಾನೆಯೆಂದು ವಾರ ಕಳೆದರೆ ನೆನಪಿರದು. ‘ಫ್ಯಾಟ್_ಎಡಿಟ್’ ಎಂದು ಆಗಲೇ ಬದಲಿಸಿಕೊಳ್ಳುವುದು ಒಳ್ಳೆಯದು.

4. ಫೈಲ್: ಡಿಸೈನರ್ ಉಳಿಸುವ ಯುಐ ಫೈಲ್ ಎಕ್ಸ್‌ಎಂಎಲ್ ರೂಪದಲ್ಲಿರುತ್ತದೆ. ಪೈಯುಐಸಿ6 ಎಂಬ ಸಾಧನ ಅದನ್ನು ಪೈಥಾನ್ ಕೋಡ್ ಆಗಿ ಪರಿವರ್ತಿಸುತ್ತದೆ. ಆ ಕೋಡನ್ನು ಕೈಯಿಂದ ತಿದ್ದಬಾರದು. ಮುಂದಿನ ಸಲ ಪರಿವರ್ತಿಸಿದಾಗ ತಿದ್ದಿದ್ದೆಲ್ಲ ಅಳಿಸಿಹೋಗುತ್ತದೆ. ಫೈಲಿನ ತಲೆಯಲ್ಲೇ ಈ ಎಚ್ಚರಿಕೆ ಇರುತ್ತದೆ. ಲೆಕ್ಕಾಚಾರ, ಬಟನ್ ಒತ್ತಿದಾಗಿನ ಕೆಲಸಗಳನ್ನು ಬೇರೆ ಫೈಲಿನಲ್ಲಿ ಬರೆಯಬೇಕು.

5. ಕೈಬರಹ: ಇಷ್ಟು ಚಿಕ್ಕ ಪರದೆಗೆ ಕೋಡ್ ಕೂಡ ಕಷ್ಟವೇನಲ್ಲ. ಫಾರ್ಮ್ ಲೇಔಟ್‌ನ ‘ಆಡ್‌ರೋ’ಗೆ ಲೇಬಲ್ ಮತ್ತು ಖಾನೆ ಕೊಟ್ಟರಾಯಿತು, ನಾಲ್ಕು ಖಾನೆಗೆ ನಾಲ್ಕೇ ಸಾಲು. ಇಬ್ಬರು ಒಂದೇ ಪರದೆಯ ಮೇಲೆ ಕೆಲಸ ಮಾಡುವಾಗಲೂ ಇದೇ ಅನುಕೂಲ: ಬದಲಾವಣೆ ದಾಖಲಿಸುವ ಗಿಟ್‌ನಲ್ಲಿ ಯಾರು ಏನು ಬದಲಿಸಿದರೆಂದು ಓದಿ ತಿಳಿಯಬಹುದು. ಉದ್ದನೆಯ ಎಕ್ಸ್‌ಎಂಎಲ್‌ನಲ್ಲಿ ಇಬ್ಬರ ಬದಲಾವಣೆ ಡಿಕ್ಕಿ ಹೊಡೆದರೆ ಬಿಡಿಸುವುದು ತಲೆನೋವು.

ಕೈಬರಹ ಕಲಿಯಬೇಕೆನ್ನುವವರಿಗೂ ಡಿಸೈನರ್ ಉಪಯೋಗಕ್ಕೆ ಬರುತ್ತದೆ. ಒಂದು ಪರದೆ ಎಳೆದಿಟ್ಟು, ಪೈಯುಐಸಿ6 ಹೊರಹಾಕುವ ಕೋಡನ್ನು ಓದಿದರೆ ಯಾವ ಖಾನೆಗೆ ಯಾವ ಕ್ಲಾಸ್, ಲೇಔಟ್‌ಗೆ ಸೇರಿಸುವುದು ಹೇಗೆ ಎಂಬುದು ಸಾಲು ಸಾಲಾಗಿ ಕಾಣಸಿಗುತ್ತದೆ.